ಕೆಂಪು, ಬಿಳಿ, ಖಾದಿ: ಮೂರು ಪಾಪ್ಪಿ ಹೂಗಳನ್ನು ಕೋಟಿಗೆ ಸಿಕ್ಕಿಸಿ ನೋಡಿದ ಮೇಲೆ

ಇಂಗ್ಲೆಂಡಿಗೆ ಹೊಸದಾಗಿ ಬಂದ ನಮ್ಮವರು ಅಕ್ಟೋಬರ್ ಕೊನೆಯ ಹೊತ್ತಿಗೆ ತಪ್ಪದೆ ಕೇಳುವ ಪ್ರಶ್ನೆ ಇದು. ಎಲ್ಲರ ಕೋಟಿನ ಮೇಲೂ ಆ ಕೆಂಪು ಕಾಗದದ ಹೂ ಯಾಕೆ? ನಾವೂ ಹಾಕಿಕೊಳ್ಳಬೇಕಾ? ಹಾಕದಿದ್ದರೆ ಯಾರಾದರೂ ಏನಾದರೂ ಅಂದುಕೊಳ್ಳುತ್ತಾರಾ? ಯುದ್ಧದಲ್ಲಿ ಸತ್ತವರನ್ನು ಇಲ್ಲಿ ಪ್ರತಿ ವರ್ಷ ನವೆಂಬರ್ 11ರ ಹೊತ್ತಿಗೆ ನೆನೆಯುತ್ತಾರೆ, ಅದರ ಗುರುತು ಈ ಪಾಪ್ಪಿ ಹೂ. ನಾನು ಬ್ರೈಟನ್ ಹತ್ತಿರ ನೆಲೆಸಿ ಹನ್ನೊಂದು ವರ್ಷ ಆಯಿತು. ಕೆಂಪು ಹೂ ಹಾಕಿದ್ದೇನೆ, ಬಿಳಿಯದನ್ನೂ ಹಾಕಿದ್ದೇನೆ, ಖಾದಿಯದೂ ನನ್ನ ಬಳಿ ಇದೆ. ಮೂರರ ಬಗ್ಗೆಯೂ ನನಗೆ ಕಂಡದ್ದನ್ನು ಬರೆಯುತ್ತೇನೆ. (ಪಾಪ್ಪಿ ಅಂತ ಒತ್ತಕ್ಷರ ಹಾಕಿಯೇ ಬರೆಯುತ್ತಿದ್ದೇನೆ. ಒತ್ತು ಬಿಟ್ಟರೆ ಕನ್ನಡದಲ್ಲಿ ಬೇರೆಯೇ ಅರ್ಥ ಬರುತ್ತದೆ, ಸತ್ತವರ ನೆನಪಿನ ಹೂವಿಗೆ ಆ ಮಾತು ಬೇಡ.)

ಮೊದಲು ಕೆಂಪು ಕಾಗದದ್ದು. ಇದನ್ನು ಹಂಚುವುದು ರಾಯಲ್ ಬ್ರಿಟಿಷ್ ಲೀಜನ್ ಅನ್ನುವ ಸೈನಿಕರ ನೆರವಿನ ಸಂಸ್ಥೆ. ಸೂಪರ್‌ಮಾರ್ಕೆಟ್ ಬಾಗಿಲಲ್ಲಿ, ರೈಲ್ವೆ ಸ್ಟೇಷನ್ನಿನಲ್ಲಿ ಹೂವಿನ ತಟ್ಟೆ ಹಿಡಿದು ನಿಂತಿರುತ್ತಾರೆ. ಇಷ್ಟೇ ಬೆಲೆ ಅಂತ ಇಲ್ಲ. ನಿಮಗೆ ತೋಚಿದಷ್ಟು ಡಬ್ಬಿಗೆ ಹಾಕಿ, ಹೂ ತಗೊಳ್ಳಿ. ಆ ದುಡ್ಡು ಮಾಜಿ ಸೈನಿಕರಿಗೆ, ಈಗ ಸೇನೆಯಲ್ಲಿ ಇರುವವರಿಗೆ, ಅವರ ಮನೆಯವರಿಗೆ ಹೋಗುತ್ತದೆ. ನಮ್ಮಲ್ಲಿ ಡಿಸೆಂಬರ್ 7ರಂದು ಧ್ವಜ ದಿನ ಅಂತ ಶಾಲೆಯಲ್ಲಿ ಪುಟ್ಟ ಬಾವುಟ ಕೊಟ್ಟು ದುಡ್ಡು ತಗೊಳ್ಳುತ್ತಿದ್ದರಲ್ಲ, ಹತ್ತಿರ ಹತ್ತಿರ ಅದೇ ಥರ. ಅದನ್ನು ಅಂಗಿಗೆ ಚುಚ್ಚಿಕೊಂಡು ಸಂಜೆವರೆಗೂ ಬಿಚ್ಚದೆ ಇದ್ದದ್ದು ನನಗೆ ಇನ್ನೂ ನೆನಪಿದೆ.

ಹೂವು ಅಂಗೈಗಿಂತ ಚಿಕ್ಕದು. ಎರಡು ಕೆಂಪು ಎಸಳು, ನಡುವೆ ಕಪ್ಪು ಬೊಟ್ಟು, ಪಕ್ಕಕ್ಕೆ ಒಂದು ಹಸಿರು ಎಲೆ. ಸ್ಕಾಟ್ಲೆಂಡಿನದು ಬೇರೆ, ಅಲ್ಲಿ ನಾಲ್ಕು ಎಸಳು, ಎಲೆ ಇಲ್ಲ. ಮೊದಲು ದಂಟು ಮತ್ತು ಬೊಟ್ಟು ಪ್ಲಾಸ್ಟಿಕ್ಕಿನದು. 2023ರಿಂದ ಪೂರ್ತಿ ಕಾಗದ. ಅದರಲ್ಲಿ ಅರ್ಧದಷ್ಟು ನಾರು ಕಾಫಿ ಕಪ್ ತಯಾರಿಸುವಾಗ ಉಳಿದ ತ್ಯಾಜ್ಯದಿಂದ ಬಂದದ್ದು. ತಿಂಗಳು ಮುಗಿದ ಮೇಲೆ ಮನೆಯ ರದ್ದಿ ಕಾಗದದ ಜೊತೆ ಹಾಕಬಹುದು. ಇದು ನನಗೆ ತುಂಬಾ ಇಷ್ಟವಾಯಿತು. ಇಷ್ಟವಾಗದೆ ಇರುವುದು ಗುಂಡುಸೂಜಿ. ಉಣ್ಣೆ ಕೋಟಿನಲ್ಲಿ ನಿಲ್ಲುವುದೇ ಇಲ್ಲ, ಬಸ್ಸಿನಲ್ಲಿ ಬ್ಯಾಗ್ ತಗುಲಿದರೆ ಸಾಕು, ಬಿದ್ದುಹೋಗುತ್ತದೆ. ನವೆಂಬರ್‌ನಲ್ಲಿ ಇಲ್ಲಿನ ಫುಟ್‌ಪಾತ್ ನೋಡಬೇಕು. ಮಳೆಗೆ ನೆನೆದು ನೆಲಕ್ಕೆ ಅಂಟಿಕೊಂಡ ಕೆಂಪು ಎಸಳುಗಳು, ಅದರ ಮೇಲೆಯೇ ಜನ ನಡೆದು ಹೋಗುತ್ತಿರುತ್ತಾರೆ. ಕಂಡಾಗಲೆಲ್ಲ ಹೊಟ್ಟೆ ಚುರ್ ಅನ್ನುತ್ತದೆ.

ಈ ಹೂವನ್ನು ಇಷ್ಟು ಸರಳವಾಗಿ ಮಾಡಿದ್ದಕ್ಕೆ ಒಂದು ಕಾರಣ ಇದೆ. 1922ರಲ್ಲಿ ಮೇಜರ್ ಜಾರ್ಜ್ ಹೌಸನ್ ಅನ್ನುವವರು ಯುದ್ಧದಲ್ಲಿ ಕೈಕಾಲು ಕಳೆದುಕೊಂಡವರಿಗೆ ಕೆಲಸ ಸಿಗಲಿ ಅಂತ ಪಾಪ್ಪಿ ಫ್ಯಾಕ್ಟರಿ ಶುರು ಮಾಡಿದರು. ಒಂದೇ ಕೈ ಇರುವವನೂ ಜೋಡಿಸಲು ಆಗುವ ಹಾಗೆ ಹೂವನ್ನು ರೂಪಿಸಿದರು. ಅದು ಗೊತ್ತಾದ ಮೇಲೆ ನಾನು ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಹಳೇ ಹೂವೊಂದನ್ನು ಬಿಚ್ಚಿ ಮತ್ತೆ ಜೋಡಿಸಿ ನೋಡಿದೆ. ಆಗುತ್ತದೆ, ಸ್ವಲ್ಪ ಹೊತ್ತು ಹಿಡಿಯುತ್ತದೆ ಅಷ್ಟೆ. ಆವತ್ತಿನಿಂದ ಈ ಕಾಗದದ ತುಂಡನ್ನು ನಾನು ನೋಡುವ ರೀತಿಯೇ ಬೇರೆಯಾಯಿತು.

ಅಮ್ಮನಿಗೆ ವಿಡಿಯೊ ಕಾಲ್‌ನಲ್ಲಿ ಇದನ್ನು ತೋರಿಸಿ, ಗಸಗಸೆ ಗಿಡದ ಜಾತಿಯದು ಅಂದೆ. "ಪಾಯಸದ ಗಸಗಸೆನಾ? ಅದನ್ನ ಎದೆಗೆ ಯಾಕೆ ಹಾಕ್ಕೊಂಡಿದ್ದೀಯೇ?" ಅಂದರು. ಕೇಳಬೇಕಾದ ಪ್ರಶ್ನೆಯೇ. ಗಸಗಸೆ, ಅಫೀಮು ಬರುವ ಗಿಡ ಬೇರೆ. ಇದು ಯುರೋಪಿನ ಹೊಲಗಳಲ್ಲಿ ತಾನಾಗಿ ಬೆಳೆಯುವ ಕಳೆ. ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಸುಮ್ನೆ ಬಿದ್ದಿರುತ್ತದೆ, ಮಣ್ಣು ಕದಡಿದರೆ ಮೊಳೆಯುತ್ತದೆ. ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಂನ ನೆಲವನ್ನು ಗುಂಡುಗಳು ಅಗೆದು ಹಾಕಿದವು, ಹೂವು ಎದ್ದವು. ಅಲ್ಲಿದ್ದ ಕೆನಡಾದ ಸೇನಾ ವೈದ್ಯ ಜಾನ್ ಮೆಕ್ರೇ 1915ರಲ್ಲಿ ಅದರ ಮೇಲೆ ಕವಿತೆ ಬರೆದರು. ಅದನ್ನು ಓದಿ ಅಮೆರಿಕದ ಮೊಯಿನಾ ಮೈಕಲ್ 1918ರಲ್ಲಿ ಹೂ ಧರಿಸಿದರು, ಫ್ರಾನ್ಸಿನ ಆ್ಯನಾ ಗೆರಿನ್ ಬಟ್ಟೆಯ ಹೂಗಳನ್ನು ಬ್ರಿಟನ್ನಿಗೆ ತಂದರು. 1921ರ ಮೊದಲ ವರ್ಷವೇ 90 ಲಕ್ಷ ಹೂ ಖರ್ಚಾಯಿತು.

ಆದರೆ ಅಮ್ಮ ಅಂದುಕೊಂಡ ಹಾಗೇ ಅಂದುಕೊಂಡವರು ಇನ್ನೂ ಇದ್ದಾರೆ. 2010ರ ನವೆಂಬರ್‌ನಲ್ಲಿ ಪ್ರಧಾನಿ ಡೇವಿಡ್ ಕ್ಯಾಮರಾನ್ ಬೀಜಿಂಗಿಗೆ ಹೋದಾಗ, ಈ ಹೂವು ಅಫೀಮು ಯುದ್ಧವನ್ನು ನೆನಪಿಸುತ್ತದೆ, ತೆಗೆಯಿರಿ ಅಂತ ಚೀನಾದವರು ಕೇಳಿದ್ದರು. ಕ್ಯಾಮರಾನ್ ತೆಗೆಯಲಿಲ್ಲ. ಚೀನಾದಲ್ಲಿ ಅಫೀಮು ಮಾರಲು ಬ್ರಿಟನ್ 19ನೇ ಶತಮಾನದಲ್ಲಿ ಮಾಡಿದ ಯುದ್ಧ ಅದು. ಆ ಅಫೀಮನ್ನು ಈಸ್ಟ್ ಇಂಡಿಯಾ ಕಂಪನಿ ಬೆಳೆಸಿದ್ದು ನಮ್ಮ ಬಿಹಾರದ ರೈತರ ಕೈಯಲ್ಲಿ. ಹಾಗಾಗಿ ಆ ಬೇಡಿಕೆಯನ್ನು ಸುಮ್ನೆ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಈಗ ನಿಜವಾದ ಜಗಳಕ್ಕೆ ಬರುತ್ತೇನೆ. ನಾನು ಮೊದಲು ಕೆಲಸ ಮಾಡುತ್ತಿದ್ದ ಆಫೀಸಿನಲ್ಲಿ ಒಂದು ವರ್ಷ ಹೂ ಹಾಕಿರಲಿಲ್ಲ. ಯಾವ ಉದ್ದೇಶವೂ ಇರಲಿಲ್ಲ, ಬೆಳಗ್ಗೆ ಬಿದ್ದುಹೋಗಿತ್ತು. ಮ್ಯಾನೇಜರ್ ಮೀಟಿಂಗ್‌ನಲ್ಲಿ ಎಲ್ಲರ ಮುಂದೆ "ನಿಮ್ಮ ಪಾಪ್ಪಿ ಎಲ್ಲಿ?" ಅಂದರು. ಸ್ವರ ಮೆತ್ತಗೇ ಇತ್ತು. ಆದರೆ ಕೋಣೆಯಲ್ಲಿ ಕಂದು ಬಣ್ಣದವಳು ನಾನೊಬ್ಬಳೇ, ಹೂ ಇಲ್ಲದ ಇನ್ನಿಬ್ಬರನ್ನು ಅವರು ಕೇಳಲಿಲ್ಲ. ಮಾರನೇ ದಿನ ಹಾಕಿಕೊಂಡು ಹೋದೆ. ಆ ಹೂವು ಯಾರ ನೆನಪಿಗೂ ಆಗಿರಲಿಲ್ಲ, ನನ್ನನ್ನು ಯಾರೂ ಏನೂ ಕೇಳದಿರಲಿ ಅಂತ ಹಾಕಿದ್ದು. ಹಾಕುವುದು ಬಿಡುವುದು ಅವರವರ ಇಷ್ಟ ಅಂತ ಲೀಜನ್ನೇ ಸ್ಪಷ್ಟವಾಗಿ ಹೇಳುತ್ತದೆ. ಬಲವಂತ ಮಾಡುವುದು ಸುತ್ತಲಿನ ಜನ. ಟಿವಿ ಸುದ್ದಿ ಓದುವವರ ಎದೆಯ ಮೇಲೆ ಹೂ ಇದೆಯಾ ಇಲ್ಲವಾ ಅಂತ ಹುಡುಕುವ ಈ ಚಟಕ್ಕೆ ಚಾನೆಲ್ 4ರ ಜಾನ್ ಸ್ನೋ 2006ರಲ್ಲೇ ಪಾಪ್ಪಿ ಫ್ಯಾಸಿಸಂ ಅಂತ ಹೆಸರಿಟ್ಟಿದ್ದರು.

ಫುಟ್‌ಬಾಲ್ ಆಟಗಾರ ಜೇಮ್ಸ್ ಮೆಕ್ಲೀನ್ ಈ ಹೂ ಹಾಕದ ವಿಷಯ ಇನ್ನೂ ಗಟ್ಟಿ. ಅವರು ಉತ್ತರ ಐರ್ಲೆಂಡಿನ ಡೆರಿಯವರು, ಕ್ರೆಗನ್ ಬಡಾವಣೆಯಲ್ಲಿ ಬೆಳೆದವರು. 1972ರ ಜನವರಿ 30ರಂದು ಡೆರಿಯಲ್ಲಿ ಮೆರವಣಿಗೆ ಹೊರಟಿದ್ದ ಜನರ ಮೇಲೆ ಬ್ರಿಟಿಷ್ ಸೈನಿಕರು ಗುಂಡು ಹಾರಿಸಿದರು. ಆ ದಿನ 13 ಜನ ಸತ್ತರು, ಅವರಲ್ಲಿ ಆರು ಜನ ಕ್ರೆಗನ್‌ನವರು. ಹೂವು ಎರಡು ಮಹಾಯುದ್ಧಗಳಲ್ಲಿ ಸತ್ತವರಿಗೆ ಮಾತ್ರ ಆಗಿದ್ದರೆ ಖುಷಿಯಿಂದ ಹಾಕುತ್ತಿದ್ದೆ, ಆದರೆ ಅದು ಆಮೇಲಿನ ಎಲ್ಲ ಕಾಳಗಗಳ ಸೈನಿಕರಿಗೂ ಸೇರುತ್ತದೆ, ನಮ್ಮೂರಿನವರ ಮುಖ ನೋಡಿ ಹಾಕಲಾರೆ ಅಂತ ಅವರು 2014ರಲ್ಲಿ ತಮ್ಮ ಕ್ಲಬ್ಬಿನ ಮುಖ್ಯಸ್ಥರಿಗೆ ಪತ್ರ ಬರೆದರು. ಅದಾದ ಮೇಲೂ ವರ್ಷ ವರ್ಷ ಮೈದಾನದಲ್ಲಿ ಅವರಿಗೆ ಬೈಗುಳ ತಪ್ಪಲಿಲ್ಲ. ಈ ಮಾತಿಗೆ ಇನ್ನೊಂದು ಮಗ್ಗುಲೂ ಇದೆ. 1987ರ ನವೆಂಬರ್ 8ರಂದು ಅದೇ ಉತ್ತರ ಐರ್ಲೆಂಡಿನ ಎನಿಸ್ಕಿಲನ್‌ನಲ್ಲಿ ಯುದ್ಧ ಸ್ಮಾರಕದ ಮುಂದೆ ಸೇರಿದ್ದ ಜನರ ಹತ್ತಿರ, ಬ್ರಿಟಿಷ್ ಆಡಳಿತದ ವಿರುದ್ಧ ಬಂದೂಕು ಹಿಡಿದಿದ್ದ ಸಂಘಟನೆ ಐಆರ್‌ಎ ಬಾಂಬ್ ಸಿಡಿದು 11 ಜನ ಸತ್ತರು. ಆ ಊರಿನವರಿಗೆ ಪಾಪ್ಪಿ ಬಿಡಿ ಅಂತ ಹೇಳುವ ಹಕ್ಕು ಯಾರಿಗಿದೆ? ಇಬ್ಬರೂ ತಮ್ಮ ಸತ್ತವರನ್ನೇ ನೆನೆಯುತ್ತಿದ್ದಾರೆ, ಅಲ್ವಾ?

ನನ್ನ ಗಂಡ ಹಾಕುವುದು ಬಿಳಿ ಹೂ. ಇದು ಹೊಸ ಫ್ಯಾಷನ್ ಅಂತ ಜಾಸ್ತಿ ಜನ ತಿಳಿದಿದ್ದಾರೆ, ಅದು ತಪ್ಪು. 1933ರಲ್ಲಿ ಕೋಆಪರೇಟಿವ್ ವಿಮೆನ್ಸ್ ಗಿಲ್ಡ್ ಅನ್ನುವ ಹೆಂಗಸರ ಸಂಘ ಶುರು ಮಾಡಿದ್ದು. ಗಂಡನನ್ನು, ಮಗನನ್ನು, ತಮ್ಮನನ್ನು ಯುದ್ಧಕ್ಕೆ ಕಳೆದುಕೊಂಡವರು ಅವರಲ್ಲಿ ಎಷ್ಟೋ ಜನ. ಈಗ ಪೀಸ್ ಪ್ಲೆಜ್ ಯೂನಿಯನ್ ಅನ್ನುವ ಯುದ್ಧವಿರೋಧಿ ಸಂಘ ಹಂಚುತ್ತದೆ. ನಡುವಿನ ಬೊಟ್ಟಿನಲ್ಲಿ ಪೀಸ್, ಅಂದರೆ ಶಾಂತಿ, ಅಂತ ಬರೆದಿದೆ. ಸೈನಿಕರಷ್ಟೇ ಅಲ್ಲ, ಎಲ್ಲ ದೇಶಗಳ ಸಾಮಾನ್ಯ ಜನರನ್ನೂ ನೆನೆಯಬೇಕು, ಯುದ್ಧವನ್ನು ಹೊಗಳಬಾರದು ಅನ್ನುವುದು ಅವರ ಮಾತು. ಮೆಕ್ರೇ ಕವಿತೆಯ ಕೊನೆಯಲ್ಲಿ ಸತ್ತವರೇ ಶತ್ರುವಿನ ಜೊತೆ ಹೋರಾಟ ಮುಂದುವರಿಸಿ ಅನ್ನುತ್ತಾರೆ. ಅದನ್ನು ಓದಿದ ಮೇಲೆ ಈ ಹೆಂಗಸರಿಗೆ ಬೇರೆ ಬಣ್ಣ ಯಾಕೆ ಬೇಕೆನಿಸಿತು ಅಂತ ನನಗೆ ಅರ್ಥವಾಯಿತು. ತೊಡಕು ಏನೆಂದರೆ, ಇದು ಅಂಗಡಿ ಬಾಗಿಲಲ್ಲಿ ಸುಲಭಕ್ಕೆ ಸಿಗುವುದಿಲ್ಲ, ನಾವು ಅಂಚೆಯಲ್ಲಿ ತರಿಸುತ್ತೇವೆ. ಹಾಕಿಕೊಂಡ ದಿನ ವಿವರಣೆ ಕೊಡಲು ತಯಾರಿರಬೇಕು. ನಾನು ಹಾಕಿದ ಎರಡು ದಿನದಲ್ಲಿ ಮೂರು ಜನ ಕೇಳಿದರು. ಅವರಲ್ಲಿ ಒಬ್ಬ ಅಜ್ಜಿ, ತನ್ನ ಅಣ್ಣ ಬರ್ಮಾದಲ್ಲಿ ಸತ್ತ ಅಂತ ಹೇಳಿ, ಹೂವನ್ನು ನೋಡಿ, ಏನೂ ಅನ್ನದೆ ನನ್ನ ಕೈ ಅದುಮಿ ಹೋದರು. ಮೆಚ್ಚಿದರೋ ನೊಂದರೋ ನನಗೆ ತಿಳಿಯಲಿಲ್ಲ. ಇವತ್ತಿಗೂ ಅದು ಮನಸ್ಸಿನಲ್ಲಿ ಕೂತಿದೆ.

ಮೂರನೆಯದು ಖಾದಿ. 2018ರಲ್ಲಿ, ಮೊದಲ ಮಹಾಯುದ್ಧ ಮುಗಿದು ನೂರು ವರ್ಷ ಆದಾಗ, ಭಾರತದ ಸೈನಿಕರ ನೆನಪಿಗೆ ಅಂತ ಲೀಜನ್ನೇ ತಂದದ್ದು. ನನಗೆ ಗೆಳತಿ ಕೊಟ್ಟಳು. ಗಟ್ಟಿಯಾಗಿದೆ, ಏಳೆಂಟು ನವೆಂಬರ್ ಕಂಡರೂ ಅಂಚಿನಲ್ಲಿ ಒಂದೆರಡು ನೂಲು ಬಿಟ್ಟಿದೆ ಅಷ್ಟೆ. ಬೆರಳಿಗೆ ಒರಟು ನೇಯ್ಗೆ ಸಿಗುತ್ತದೆ. ಖಾದಿಯಲ್ಲಿ ನಮ್ಮ ರಾಷ್ಟ್ರಧ್ವಜ ತಯಾರಿಸುವ ಹುಬ್ಬಳ್ಳಿ ಬೆಂಗೇರಿಯ ನೆನಪಾಗುತ್ತದೆ. ಮೊದಲ ಮಹಾಯುದ್ಧದಲ್ಲಿ ಅವಿಭಜಿತ ಭಾರತದಿಂದ 13 ಲಕ್ಷಕ್ಕೂ ಹೆಚ್ಚು ಜನ ಹೋದರು, ಸುಮಾರು 74,000 ಜನ ಸತ್ತರು. ನಮ್ಮ ಮೈಸೂರು ಸಂಸ್ಥಾನದ ಕುದುರೆ ದಳ ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಕುದುರೆ ಮೇಲೆ ಈಗಿನ ಇಸ್ರೇಲಿನ ಹೈಫಾ ಊರಿಗೆ ನುಗ್ಗಿದವರು, ಅವರ ಒಂದು ತುಕಡಿ ಕಾರ್ಮೆಲ್ ಬೆಟ್ಟ ಹತ್ತಿ ಫಿರಂಗಿಗಳನ್ನು ಹಿಡಿಯಿತು. ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲೇ ಇದೆ.

ಆದರೂ ಖಾದಿ ಹೂ ನನ್ನನ್ನು ಸ್ವಲ್ಪ ಕಾಡುತ್ತದೆ. ಖಾದಿ ಅಂದರೆ ಬ್ರಿಟಿಷರ ಬಟ್ಟೆ ಬೇಡ ಅಂದ ಬಟ್ಟೆ. ಅದನ್ನೇ ಬ್ರಿಟಿಷ್ ಸೇನೆಯ ನೆನಪಿನ ಹೂವಾಗಿ ಹೊಲಿದರೆ ಆ ನಿರಾಕರಣೆಯ ಕಥೆ ಎಲ್ಲಿ ಹೋಯಿತು? ಗಾಂಧೀಜಿಯೇ 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಸೈನ್ಯಕ್ಕೆ ಜನ ಸೇರಿಸಲು ಓಡಾಡಿದ್ದರು, ಅದೂ ನಿಜ. ಇದೆಲ್ಲ ಒಂದು ಹೂವಿನಲ್ಲಿ ಹಿಡಿಸುವುದು ಕಷ್ಟ. ಪಕ್ಕದ ಶ್ರೀಲಂಕಾದಲ್ಲಿ 1930ರ ದಶಕದಲ್ಲಿ ಜನ ಬೇರೆ ದಾರಿ ಹಿಡಿದರು. ಪಾಪ್ಪಿ ಮಾರಿದ ದುಡ್ಡು ಹೆಚ್ಚಾಗಿ ಬ್ರಿಟಿಷ್ ಮಾಜಿ ಸೈನಿಕರಿಗೇ ಹೋಗುತ್ತದೆ ಅಂತ ನವೆಂಬರ್ 11ರಂದೇ ತಮ್ಮೂರಿನ ಸೂರಿಯ ಹೂ ಮಾರಿದರು. ನಾವು ಹೂವರಸಿ ಅನ್ನುವ ಮರದ ಹಳದಿ ಹೂ ಅದು. ಅದೇ ಚಳವಳಿಯ ಯುವಕ ಯುವತಿಯರು ಮುಂದೆ ಮಲೇರಿಯಾ ಹರಡಿದಾಗ ಹಳ್ಳಿಗಳಿಗೆ ಔಷಧಿ, ಅಕ್ಕಿ ಹೊತ್ತು ಹೋದರು. ಇದನ್ನು ನಮ್ಮ ಮಕ್ಕಳಿಗೆ ಇಲ್ಲಿನ ಶಾಲೆಗಳಲ್ಲಿ ಹೇಳಿಕೊಡುವುದಿಲ್ಲ, ನಾವೇ ಹೇಳಬೇಕು.

ಸರಿ, ಯಾವುದು ಕೊಳ್ಳಬೇಕು? ನನ್ನ ಲೆಕ್ಕದಲ್ಲಿ ಕೆಂಪು ಕಾಗದಕ್ಕೆ ಐದಕ್ಕೆ ನಾಲ್ಕು, ಬಿಳಿಗೆ ನಾಲ್ಕು, ಖಾದಿಗೆ ಮೂರೂವರೆ. ನಾನು ಹಾಕುವುದು ಕೆಂಪು. ಬ್ರೈಟನ್ ಹೊರಗೆ ಪ್ಯಾಚಮ್ ಗುಡ್ಡದ ಮೇಲೆ ಛತ್ರಿ ಅನ್ನುವ ಬಿಳಿ ಅಮೃತಶಿಲೆಯ ಮಂಟಪ ಇದೆ, 1921ರದ್ದು. ಗಾಯಗೊಂಡು ಬ್ರೈಟನ್ ಆಸ್ಪತ್ರೆಗಳಿಗೆ ಬಂದು ಸತ್ತ 53 ಹಿಂದೂ, ಸಿಖ್ ಸೈನಿಕರನ್ನು ಅಲ್ಲೇ ದಹನ ಮಾಡಿದ್ದು. ರಸ್ತೆ ಇಲ್ಲ, ಕುರಿ ಮೇಯುವ ಹುಲ್ಲಿನಲ್ಲಿ ನಡೆದೇ ಹೋಗಬೇಕು. ಅವರ ಹೆಸರುಗಳ ಕಲ್ಲನ್ನು ಪಕ್ಕದಲ್ಲಿ ಇಟ್ಟದ್ದು 2010ರಲ್ಲಿ, ಅಷ್ಟು ತಡವಾಗಿ. ಹೋದ ನವೆಂಬರ್‌ನಲ್ಲಿ ಮಗನನ್ನು ಕರೆದುಕೊಂಡು ಹೋಗಿದ್ದೆ. ಅವನು ಬೆರಳಿಟ್ಟು ಒಂದೊಂದೇ ಹೆಸರು ಓದಿದ. ಗಾಳಿ ಜೋರಾಗಿತ್ತು, ನಾನು ನನ್ನ ಹೂ ಬಿಚ್ಚಿ ಅಲ್ಲೇ ಇಟ್ಟು ಮೇಲೊಂದು ಕಲ್ಲು ಹೇರಿದೆ. ಅವರಪ್ಪ ತಮ್ಮ ಬಿಳಿಯದನ್ನೂ ಅದೇ ಕಲ್ಲಿನ ಕೆಳಗೆ ಸಿಕ್ಕಿಸಿದರು.

ಈ ವರ್ಷ ಹಾಕುವವರಿಗೆ ಒಂದು ಮಾತು: ಗುಂಡುಸೂಜಿಯನ್ನು ಮೇಲಿನಿಂದ ಒಂದೇ ಸಲ ಚುಚ್ಚಬೇಡಿ. ಬಟ್ಟೆಯೊಳಗೆ ಹಾಯಿಸಿ, ಹೊರಗೆ ತಂದು, ಮತ್ತೆ ಒಳಗೆ ಹಾಕಿ. ಸಂಜೆವರೆಗೂ ನಿಲ್ಲುತ್ತದೆ.