ದೊಡ್ಡ ಮರಕ್ಕೆ ಡ್ರಿಪ್ ಕಿಟ್: ಪೈಪು ಚಿನ್ನ, ಟೈಮರ್ ದಂಡ

ಕುಂಡದ ಗಿಡಗಳಿಗೆ ಈ ಕಿಟ್ ಹೇಗಿದೆ ಅಂತ ಹೇಳುವ ವಿಮರ್ಶೆ ಬೇಕಾದಷ್ಟಿವೆ. ಇದು ಇಪ್ಪತ್ತು ಮೂವತ್ತು ವರ್ಷದ ಮರ ಇಟ್ಟುಕೊಂಡು, ಜನವರಿಯಿಂದ ಮೇವರೆಗೆ ಆಕಾಶ ನೋಡುವ ಬೆಂಗಳೂರಿನ ಮನೆಯವರಿಗೆ. ಬಾಕ್ಸಿನ ಮೇಲಿನ ವಿವರ ನೋಡಿಯೇ ಇರುತ್ತೀರಿ: 16 ಮಿ.ಮೀ. ಇನ್‌ಲೈನ್ ಪೈಪು (ಹನಿ ಬಿಡುವ ರಂಧ್ರ, ಅಂದರೆ ಡ್ರಿಪ್ಪರ್, ಪೈಪಿನೊಳಗೇ ಇರುವುದು), ಸಣ್ಣ ಫಿಲ್ಟರು, ಒಂದಷ್ಟು ಟೀ (ಮೂರು ಬಾಯಿಯ ಜೋಡಣೆ) ಮತ್ತು ಜಾಯಿನರ್, ನಲ್ಲಿಗೆ ಸಿಕ್ಕಿಸುವ ಬ್ಯಾಟರಿ ಟೈಮರ್. ಕೆಲವು ಬೇಸಿಗೆ ದುಡಿಸಿದ ಮೇಲೆ ಬರೆಯುತ್ತಿರುವುದು.

ಮೊದಲು ದಂಡದ ವಿಷಯ. ಟೈಮರ್ ಒಳಗಿರುವುದು ಡಯಾಫ್ರಮ್ ವಾಲ್ವ್, ಅಂದರೆ ರಬ್ಬರ್ ಪೊರೆಯ ವಾಲ್ವ್. ಅದು ತೆರೆದುಕೊಳ್ಳಲೂ ಮುಚ್ಚಿಕೊಳ್ಳಲೂ ನೀರಿನ ಒತ್ತಡವನ್ನೇ ನಂಬಿದೆ. ನಮ್ಮಲ್ಲಿ ನೀರು ಬರುವುದು ತಾರಸಿ ಮೇಲಿನ ಟ್ಯಾಂಕಿನಿಂದ, ಅಂದರೆ ಬರೀ ಎತ್ತರದ ಬಲದಿಂದ. ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್ ಒತ್ತಡ ಅಂತ ಲೆಕ್ಕ. ಒಂದೇ ಅಂತಸ್ತಿನ ಮನೆಯ ಟ್ಯಾಂಕು ಮೂರು ಮೀಟರ್ ಮೇಲಿದ್ದರೆ ನಲ್ಲಿಯಲ್ಲಿ ಸಿಗುವುದು 0.3 ಬಾರ್. ಅಷ್ಟರಲ್ಲಿ ವಾಲ್ವ್ ಅರೆಬರೆ ತೆರೆಯುತ್ತದೆ. ಅದನ್ನಾದರೂ ಸಹಿಸಬಹುದು. ಮುಚ್ಚುವ ಹೊತ್ತಿಗೆ ಪೂರ್ತಿ ಕೂರದೆ ಸಣ್ಣಗೆ ಹರಿಯುತ್ತಲೇ ಇರುತ್ತದಲ್ಲ, ಅದು ಸಹಿಸುವಂಥದ್ದಲ್ಲ. ಪರದೆಯ ಮೇಲೆ ‘ಆಫ್’ ಅಂತ ತೋರಿಸುತ್ತಲೇ ಬೆಳಗಾಗುವುದರೊಳಗೆ ಸಾವಿರ ಲೀಟರಿನ ಟ್ಯಾಂಕನ್ನು ಖಾಲಿ ಮಾಡಿಡುವ ಯಂತ್ರ ಇದು. ಕುಡಿಯುವ ನೀರನ್ನು ತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಅಂತ 2024ರ ಮಾರ್ಚ್‌ನಲ್ಲಿ ಜಲಮಂಡಳಿ ಆದೇಶ ಹೊರಡಿಸಿದ ಊರಿದು. ಇಲ್ಲಿ ಮಾರುವ ಟೈಮರಿನ ಡಬ್ಬದ ಮೇಲೆ ಕನಿಷ್ಠ ಎಷ್ಟು ಒತ್ತಡ ಬೇಕೆಂದು ದಪ್ಪಕ್ಷರದಲ್ಲಿ ಬರೆಯಲು ಏನು ಕಷ್ಟವೋ!

ಒತ್ತಡದ ಕಾಟ ಇಲ್ಲಿಗೇ ಮುಗಿಯುವುದಿಲ್ಲ. ಒಂದೊಂದು ರಂಧ್ರದಿಂದ ಗಂಟೆಗೆ 4 ಲೀಟರ್ ಅಂತ ಹೇಳುವುದು 1 ಬಾರ್ ಇದ್ದಾಗಿನ ಮಾತು. ಸಾಮಾನ್ಯ ಡ್ರಿಪ್ಪರಿನಲ್ಲಿ ಹರಿವು ಒತ್ತಡದ ವರ್ಗಮೂಲದ ಪ್ರಕಾರ ಇಳಿಯುತ್ತದೆ: 0.6 ಬಾರಿಗೆ (ಆರು ಮೀಟರ್ ಮೇಲಿನ ಟ್ಯಾಂಕು) ಸುಮಾರು 3.1 ಲೀಟರ್, 0.3 ಬಾರಿಗೆ 2.2. ಒತ್ತಡ ಏರಿಳಿದರೂ ಹರಿವು ಒಂದೇ ಸಮ ಇಡುವ ‘ಪ್ರೆಶರ್ ಕಾಂಪನ್ಸೇಟಿಂಗ್’ ಅಂತ ಹೆಚ್ಚು ದುಡ್ಡಿನ ಪೈಪು ತಂದರೆ ಇನ್ನೂ ಫಜೀತಿ. ಅದು ಸರಿಯಾಗಿ ಕೆಲಸ ಮಾಡಲು ತಾರಸಿ ಟ್ಯಾಂಕು ಕೊಡುವುದಕ್ಕಿಂತ ಹೆಚ್ಚು ಒತ್ತಡ ಬೇಕು. ತಾರಸಿ ಟ್ಯಾಂಕಿಗೆ ಅಗ್ಗದ ಮಾಮೂಲಿ ಪೈಪೇ ಸೈ.

ಜೊತೆಗೆ ಕೊಟ್ಟ ಕರಪತ್ರ ದಿನಾ ಹತ್ತು ನಿಮಿಷ ನೀರು ಬಿಡಿ ಅನ್ನುತ್ತದೆ. ದೊಡ್ಡ ಮರಕ್ಕೆ ಇದು ಉಪಕಾರವಲ್ಲ. ಮೇಲಿನ ಎರಡು ಬೆರಳು ಮಣ್ಣು ಒದ್ದೆಯಾಗಿ ಸಂಜೆಗೆ ಆರಿಹೋಗುತ್ತದೆ, ಮರ ಮೇಲ್ಮೈಯಲ್ಲೇ ಹೊಸ ಬೇರು ಬಿಡುತ್ತದೆ, ಒಂದು ವಾರ ನೀರು ತಪ್ಪಿದರೆ ಮೊದಲು ಸಾಯುವುದೂ ಅವೇ. ನೀರು ಎಳೆಯುವ ಬೇರಿನ ಬಹುಪಾಲು ಮೇಲಿನ 45ರಿಂದ 60 ಸೆಂ.ಮೀ. ಮಣ್ಣಿನಲ್ಲಿದೆ. ಅಷ್ಟು ಆಳ ನೆನೆಯುವಷ್ಟು ಒಮ್ಮೆ ಬಿಟ್ಟು, ಆಮೇಲೆ ಎರಡು ಮೂರು ವಾರ ನಲ್ಲಿ ಮುಟ್ಟದಿರುವುದು ಸರಿಯಾದ ಕ್ರಮ.

ಟೈಮರನ್ನು ಕಳಚಿ ಮೂಲೆಗೆಸೆದು, ಆ ಜಾಗಕ್ಕೆ ಕೈಯಲ್ಲಿ ತಿರುಗಿಸುವ ಮುಕ್ಕಾಲು ಇಂಚಿನ ಬಾಲ್ ವಾಲ್ವ್ ಹಾಕಿದಲ್ಲಿಗೆ ನನ್ನ ಸಿಟ್ಟು ಮುಗಿಯುತ್ತದೆ. ಅಲ್ಲಿಂದ ಮುಂದೆ ಈ ಪೈಪಿನ ಮೇಲೆ ಒಂದು ಕೆಟ್ಟ ಮಾತು ಬರುವುದಿಲ್ಲ.

ಹಾಸುವುದು ಹೀಗೆ. ಪೈಪಿನ ಸುರುಳಿಯನ್ನು ಬಿಸಿಲಲ್ಲಿ ಅರ್ಧ ಗಂಟೆ ಬಿಚ್ಚಿಟ್ಟರೆ ಮೆತ್ತಗಾಗಿ ಹೇಳಿದ ಹಾಗೆ ಬಾಗುತ್ತದೆ. ಜಾಯಿನರ್ ತೂರಿಸುವ ತುದಿಯನ್ನು ಬಿಸಿನೀರಿನ ಲೋಟದಲ್ಲಿ ಹತ್ತೆಣಿಸುವಷ್ಟು ಹೊತ್ತು ಅದ್ದಿ. ಬುಡಕ್ಕೆ ಸುತ್ತಬೇಡಿ. ಕಾಂಡದ ಬುಡ ಸದಾ ಒದ್ದೆಯಿದ್ದರೆ ತೊಗಟೆ ಕೊಳೆಯುತ್ತದೆ, ನೀರು ಕುಡಿಯುವ ಬೇರೂ ಅಲ್ಲಿಲ್ಲ. ಕೊಂಬೆಗಳ ಹರವಿನ ಅಂಚಿನಲ್ಲಿ ಒಂದು ಸುತ್ತು, ಅದಕ್ಕಿಂತ ಒಂದು ಮೀಟರ್ ಒಳಗೆ ಇನ್ನೊಂದು ಸುತ್ತು. ಅಂಚು ಎಲ್ಲಿದೆ ಅಂತ ಗುರುತಿಸಲು ಏಪ್ರಿಲ್ 24ರ ಆಸುಪಾಸು ಒಳ್ಳೆಯ ಸಮಯ. ಬೆಂಗಳೂರಿಗೆ ಶೂನ್ಯ ನೆರಳಿನ ದಿನ, ಅಂದರೆ ಸೂರ್ಯ ನೇರ ನೆತ್ತಿಯ ಮೇಲೆ ಬರುವ ದಿನ, ಬರುವುದು ಆಗಲೇ. ಹನ್ನೆರಡೂ ಕಾಲರ ಹೊತ್ತಿಗೆ ನೆಲದ ಮೇಲೆ ಬಿದ್ದ ನೆರಳೇ ಮರದ ನಕ್ಷೆ, ಸೀಮೆಸುಣ್ಣದಲ್ಲಿ ಗೀಚಿಕೊಂಡರಾಯಿತು.

ಆರು ಮೀಟರ್ ಅಗಲ ಹರಡಿದ ಮರಕ್ಕೆ ಎರಡೂ ಸುತ್ತು ಸೇರಿ 31 ಮೀಟರ್ ಪೈಪು. ಅರ್ಧ ಮೀಟರಿಗೊಂದು ರಂಧ್ರದಂತೆ 62 ರಂಧ್ರ. ನಮ್ಮ ಕೆಂಪು ಮಣ್ಣು 45 ಸೆಂ.ಮೀ. ಆಳಕ್ಕೆ ನೆನೆಯಲು ಸುಮಾರು 25 ಮಿ.ಮೀ. ಮಳೆಯಷ್ಟು ನೀರು ಬೇಕು, ಅಂದರೆ ಈ ಮರಕ್ಕೆ ಒಮ್ಮೆಗೆ 700 ಲೀಟರ್. 0.6 ಬಾರಿನಲ್ಲಿ ಮೂರೂ ಮುಕ್ಕಾಲು ಗಂಟೆ, 0.3ರಲ್ಲಿ ಐದು ಗಂಟೆ ದಾಟುತ್ತದೆ. ಸಂಜೆ ತೆರೆದು, ಮಲಗುವ ಮುನ್ನ ಮುಚ್ಚಲು ಫೋನಿನಲ್ಲೊಂದು ಅಲಾರಂ ಸಾಕು.

ಬಿಟ್ಟದ್ದು ಸಾಕಾಯಿತೇ ಅಂತ ಹೇಳುವುದು ಕಿಟ್ಟಿನಲ್ಲಿಲ್ಲದ ಒಂದು ಸಾಮಾನು: 8 ಮಿ.ಮೀ. ದಪ್ಪ, ಎರಡೂವರೆ ಅಡಿ ಉದ್ದದ ಕಬ್ಬಿಣದ ಸರಳು, ಹಿಡಿಯಲು ತುದಿ ಬಗ್ಗಿಸಿದ್ದು. ಈ ಇಡೀ ವ್ಯವಹಾರದಲ್ಲಿ ಮನಸ್ಸಿಗೆ ಹಿತವಾದದ್ದು ಅದೇ. ಮಾರನೆಯ ಬೆಳಗ್ಗೆ ಕಾಫಿ ಲೋಟ ಒಂದು ಕೈಯಲ್ಲಿ, ಸರಳು ಇನ್ನೊಂದರಲ್ಲಿ. ರಂಧ್ರದಿಂದ ಒಂದು ಗೇಣು ಆಚೆ ಚುಚ್ಚಿದರೆ ನೆನೆದ ಮಣ್ಣಿನಲ್ಲಿ ಬೆಣ್ಣೆಯಲ್ಲಿ ಹೋದಂತೆ ಇಳಿಯುತ್ತದೆ, ಒಣ ಮಣ್ಣು ಸಿಕ್ಕ ಕೂಡಲೇ ಟಕ್ ಅಂತ ನಿಲ್ಲುತ್ತದೆ. ಒಂದು ಅಡಿಗೆ ನಿಂತರೆ ಮುಂದಿನ ಸಲ ಇನ್ನೊಂದು ಗಂಟೆ ಹೆಚ್ಚು ಬಿಡಿ, ಎರಡಡಿ ಸಲೀಸಾಗಿ ಇಳಿದರೆ ಕಡಿಮೆ ಮಾಡಿ. ಕಲ್ಲು ಸಿಕ್ಕರೂ ನಿಲ್ಲುತ್ತದೆ, ಆದ್ದರಿಂದ ಮೂರು ಕಡೆ ಚುಚ್ಚಿ ನೋಡಬೇಕು. ಸಾವಿರಾರು ರೂಪಾಯಿಯ ಮಣ್ಣಿನ ತೇವದ ಮೀಟರಿಗಿಂತ ಇದನ್ನು ನಾನು ಹೆಚ್ಚು ನಂಬುತ್ತೇನೆ.

ಎಲ್ಲ ಮರಕ್ಕೂ ಒಂದೇ ಲೆಕ್ಕ ನಡೆಯದು. ಬೆಣ್ಣೆಹಣ್ಣಿನ ಬೇರು ತೀರಾ ಮೇಲೆ, ಬೇಗ ಕೊಳೆಯುವ ಜಾತಿ. ಅದಕ್ಕೆ ಅರ್ಧ ನೀರು, ಎರಡು ಪಟ್ಟು ಸಲ. ಆರ್‌ಒ ಯಂತ್ರ ಹೊರಹಾಕುವ ನೀರನ್ನಂತೂ ಅದಕ್ಕೆ ಹಾಕಲೇಬೇಡಿ, ಉಪ್ಪಿಗೆ ಎಲೆಯಂಚು ಸುಟ್ಟುಹೋಗುತ್ತದೆ. ತೆಂಗಿನ ಬೇರು ಗರಿಯ ಅಂಚಿನವರೆಗೆ ಹುಡುಕಬೇಕಿಲ್ಲ, ಬುಡದಿಂದ 1.8 ಮೀಟರ್ ಒಳಗಿನ ಪಾತಿಯಲ್ಲೇ ಹೆಚ್ಚು. ಮಾವಿಗೆ ನವೆಂಬರಿನಿಂದ ಹೂ ಕಚ್ಚುವವರೆಗೆ ನೀರು ಕೊಟ್ಟರೆ ಹೂವಿನ ಬದಲು ಚಿಗುರು ಬರುತ್ತದೆ, ಕಾಯಿ ಬಟಾಣಿ ಗಾತ್ರವಾದ ಮೇಲೆ ಶುರುಮಾಡಿ. ಬೇರೂರಿದ ಹೊಂಗೆ, ಬೇವುಗಳಿಗೆ ಸಾಧಾರಣ ವರ್ಷದಲ್ಲಿ ಈ ಪೈಪೇ ಬೇಡ. ಸಂಪಿಗೆಗೆ ಬೇಕು, ಮಾರ್ಚ್‌ನಲ್ಲಿ ಎಲೆ ಜೋತುಬಿದ್ದು ಅದೇ ಕೇಳುತ್ತದೆ.

ಇನ್ನು ಬೋರ್‌ವೆಲ್ ನೀರು. ಗಡಸು ನೀರಿನ ಸುಣ್ಣ ರಂಧ್ರದ ಬಾಯಲ್ಲಿ ಬೆಳ್ಳಗೆ ಕಟ್ಟುತ್ತದೆ. ತಿಂಗಳಿಗೊಮ್ಮೆ ಪೈಪಿನ ಮೊದಲು, ನಡು, ಕೊನೆ ಮೂರು ಕಡೆ ರಂಧ್ರದ ಕೆಳಗೆ ಬಟ್ಟಲಿಟ್ಟು ಕಾಲು ಗಂಟೆ ಹಿಡಿಯಿರಿ. 0.3 ಬಾರಿನಲ್ಲಿ 550 ಮಿ.ಲೀ. ಆಸುಪಾಸು ಬರಬೇಕು. ಕೊನೆಯದು ಮೊದಲಿನದರ ಮುಕ್ಕಾಲಿಗಿಂತ ಕಡಿಮೆಯಾದರೆ ಕಟ್ಟಿದೆ ಅಂತಲೇ. ಇಪ್ಪತ್ತು ಲೀಟರ್ ನೀರಿಗೆ 200 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ, ಪೈಪು ಸುತ್ತಿ ಒಂದು ರಾತ್ರಿ ಟಬ್ಬಿನಲ್ಲಿ ಮುಳುಗಿಸಿಡಿ. ಮರುದಿನ ತುದಿಯ ಎಂಡ್ ಕ್ಯಾಪ್ ಬಿಚ್ಚಿ ನೀರು ತಿಳಿಯಾಗುವವರೆಗೆ ಬಿಡಿ. ಸೂಜಿ ಹಾಕಿ ಕೆದಕಿದರೆ ಒಳಗಿನ ದಾರಿ ಹಾಳಾಗಿ ಆ ರಂಧ್ರ ಚಿಮ್ಮತೊಡಗುತ್ತದೆ. ಫಿಲ್ಟರಿನ ಜಾಲರಿಯನ್ನು ಪ್ರತಿ ಸಲವೂ ತೊಳೆಯಬೇಕು, ಅದು ಕಟ್ಟಿದರೆ ಇರುವ ಚೂರು ಒತ್ತಡವೂ ಅಲ್ಲೇ ಸಾಯುತ್ತದೆ.

ಅಳಿಲು ಪೈಪು ಕಡಿಯುತ್ತದೆ. ಮೇಲೆ ಮೂರಿಂಚು ಒಣಎಲೆ ಮುಚ್ಚಿದರೆ ಕಡಿಮೆಯಾಗುತ್ತದೆ, ತೇವವೂ ಉಳಿಯುತ್ತದೆ. ಕಾಂಡದಿಂದ ಒಂದು ಗೇಣು ಬಿಟ್ಟು ಹಾಕಿ, ತೆಂಗಿನ ಗರಿ ಬೇಡ, ಗೆದ್ದಲು ಹಿಡಿಯುತ್ತದೆ.

ಗಡಸು ನೀರು ಬಳಸುವವರಿಗೆ ಇನ್ನೊಂದು ವಿಷಯ. ಡ್ರಿಪ್ಪಿನಲ್ಲಿ ಉಪ್ಪು ಒದ್ದೆ ಮಣ್ಣಿನ ಅಂಚಿಗೆ ಹೋಗಿ ಕೂರುತ್ತದೆ. ಏಪ್ರಿಲ್‌ನ ಮೊದಲ ಸಣ್ಣ ಮಳೆ ಆ ಉಪ್ಪನ್ನು ವಾಪಸ್ ಬೇರಿನತ್ತ ತಳ್ಳುತ್ತದೆ, ‘ಮಳೆ ಬಂದಮೇಲೆ ಎಲೆ ಸುಟ್ಟಿತು’ ಅನ್ನುವ ಒಗಟು ಇದೇ. ಮೊದಲ ತುಂತುರು ಬರುವಾಗ ವಾಲ್ವ್ ಮುಚ್ಚಬೇಡಿ, ತೆರೆಯಿರಿ. ಒಳ್ಳೆಯ ಮಳೆ ಹಿಡಿದ ಮೇಲೆ ನಿಲ್ಲಿಸಿದರಾಯಿತು.

ಖರ್ಚಿನ ಮಾತು. 2024ರ ಮಾರ್ಚ್‌ನಲ್ಲಿ ಜಿಲ್ಲಾಡಳಿತ ನಿಗದಿ ಮಾಡಿದಂತೆ 5 ಕಿ.ಮೀ. ಒಳಗೆ 6,000 ಲೀಟರ್ ಟ್ಯಾಂಕರಿಗೆ 600 ರೂಪಾಯಿ ಇತ್ತು, ತೆರಿಗೆ ಬೇರೆ. ಆ ದರದಲ್ಲಿ ಮರವೊಂದಕ್ಕೆ ಒಂದು ಸಲಕ್ಕೆ 70 ರೂಪಾಯಿ. ಬಟ್ಟೆ ಜಾಲಿಸಿದ ಕೊನೆಯ ನೀರನ್ನು ಡ್ರಮ್ಮಿನಲ್ಲಿ ಹಿಡಿದರೆ ಇನ್ನೂ ಇಳಿಯುತ್ತದೆ, ಆದರೆ ಅದನ್ನು ಡ್ರಿಪ್ಪಿಗೆ ಬಿಡಬೇಡಿ, ನಾರು ಕಟ್ಟುತ್ತದೆ. ಬಕೆಟ್ಟಿನಲ್ಲೇ ಹಾಕಿ.

ಪೂರ್ತಿ ಕಿಟ್ ಕೊಳ್ಳಬೇಕೇ ಅಂದರೆ, ಬೇಡ. ಎಸ್.ಜೆ.ಪಿ. ರಸ್ತೆ ಕಡೆಯ ಪಂಪು-ಪೈಪಿನ ಅಂಗಡಿಯಲ್ಲಿ ಪೈಪು, 120 ಮೆಶ್ ಫಿಲ್ಟರ್, ಬಾಲ್ ವಾಲ್ವ್, ಎರಡು ಟೀ, ಎಂಡ್ ಕ್ಯಾಪ್ ಬಿಡಿಯಾಗಿ ತನ್ನಿ. ಟೈಮರ್ ಬೇಕೇಬೇಕು ಅನ್ನುವವರು ‘ಸೊನ್ನೆ ಒತ್ತಡಕ್ಕೂ ನಡೆಯುತ್ತದೆ’ ಅಂತ ಬರೆದಿರುವ ಮೋಟಾರ್ ಬಾಲ್ ವಾಲ್ವಿನದನ್ನೇ ಕೇಳಿ. ಪೈಪಿಗೆ ಐದು ನಕ್ಷತ್ರ, ಟೈಮರಿಗೆ ಒಂದು. ಆ ಒಂದೂ ಸೊನ್ನೆ ಕೊಡಲು ಇಲ್ಲಿ ಅವಕಾಶವಿಲ್ಲದ್ದರಿಂದ.