ದಿಶಾಂಕ್ ಆ್ಯಪು: ಮಾಸ್ಟರ್ ಪ್ಲಾನ್ ಬಗ್ಗೆ ಬಾಯಿ ಬಿಡ್ಬೇಕಂದ್ರ ಇದು ಫೋನಿನಾಗ ಇರ್ಲಿ

ಐದಕ್ಕ ನಾಕು ಸ್ಟಾರ್ ಕೊಡ್ತೀನ್ರಿ. ಹೊಲ ಇದ್ದವ್ರು, ಪ್ಲಾಟ್ ತಗೊಳ್ಳೋರು ಜಾಗದ ಸರ್ವೇ ನಂಬರ್ ನೋಡ್ಲಿಕ್ಕೆ ಇದನ್ನ ಬಳಸ್ತಾರ, ಅದು ಎಲ್ಲಾರಿಗೂ ಗೊತ್ತದ. ಆದ್ರ ಊರು ಹ್ಯಾಂಗ ಬೆಳಿಬೇಕು ಅನ್ನೋ ವಿಚಾರದಾಗ ಸಾದಾ ಮಂದಿಗೆ ಇದು ಎಷ್ಟ್ ಉಪಯೋಗ ಅಂತ ಯಾರೂ ಹೇಳಲ್ಲ, ಅದಕ್ಕ ಬರಿಲತ್ತೀನಿ.

ನಮ್ ಕಾಯ್ದೆದಾಗ, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಅದು, ಕರಡು ಮಾಸ್ಟರ್ ಪ್ಲಾನ್ (ಊರಾಗ ಯಾವ ಜಾಗ ಯಾವುದಕ್ಕ ಅಂತ ತೋರ್ಸೋ ನಕ್ಷೆ) ಪ್ರಕಟ ಆದ ಮ್ಯಾಲ 60 ದಿನದಾಗ ಯಾರು ಬೇಕಾದ್ರೂ ಆಕ್ಷೇಪಣೆ ಸಲಹೆ ಕೊಡಬಹುದು. ಆದ್ರ ಆ ನಕ್ಷೆ ನೋಡಿದ್ರ ಏನ್ ತಿಳೀತದ್ರಿ? ಹಳದಿ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಹಸಿರು ಪಾರ್ಕು, ಬರೀ ಬಣ್ಣ. ನಮ್ ಓಣಿ ಎಲ್ಲಿ ಬಂತು ಅಂತ ಹುಡುಕೋದ್ರಾಗೇ ದಿನ ಹೋಗ್ತದ.

ದಿಶಾಂಕ್ ಕೆಲಸಕ್ಕ ಬರೋದು ಇಲ್ಲೇ. ಸರ್ಕಾರದ್ದೇ ಆ್ಯಪು, ಫುಕಟ್ ಅದ. ಜಿಪಿಎಸ್ ಚಾಲೂ ಮಾಡಿ ನಿಂತ್ರ ಸಾಕು, ಕಾಲಡಿ ಜಾಗದ್ದು ಊರು, ಹೋಬಳಿ, ಸರ್ವೇ ನಂಬರ್ ಬರ್ತದ. ರಿಂಗ್ ರೋಡ್ ಆಚಿಗೆ ತೊಗರಿ ಹೊಲ ಎಲ್ಲಾ ಎನ್ಎ (ಕೃಷಿಯೇತರ ಜಮೀನು) ಆಗಿ ಲೇಔಟ್ ಆಗ್ಲತ್ತಾವಲ್ಲ, ಅಲ್ಲಿ ನಮ್ ಓಣಿ ಕಾಕಾನ ಕರ್ಕೊಂಡು ಅಡ್ಡಾಡಿದ್ವಿ. ಅವ್ರು ನಕ್ಷೆ ಓದಲ್ಲ, ಆದ್ರ "ಇಲ್ಲಿ ಹಳ್ಳ ಹರೀತಿತ್ತಪಾ, ಮಳಿಗಾಲದಾಗ ಎತ್ತು ದಾಟ್ತಿದ್ದಿಲ್ಲ" ಅಂತ ನಿಂತು ತೋರಸ್ತಾರ, ನಾವು ಅಲ್ಲೇ ಫೋನ್ ತಗದು ನಂಬರ್ ಬರ್ಕೋತೀವಿ, ಆಜೂಬಾಜೂ ನಂಬರೂ ಬರ್ಕೋತೀವಿ, ಆಮ್ಯಾಲ ಅದೇ ನಂಬರ್ ಮ್ಯಾಲ ಕರಡು ನಕ್ಷೆದಾಗ ಯಾವ ಬಣ್ಣ ಅದ ನೋಡ್ತೀವಿ. "ನಮ್ ಕಡಿ ನೀರು ನಿಲ್ತದ ಸಾಹೇಬ್ರ" ಅನ್ನೋ ಅರ್ಜಿಗೂ "ಇಂಥಾ ಸರ್ವೇ ನಂಬರಿನಾಗ ಹಳ್ಳದ ದಾರಿ ಅದ, ಇದನ್ನ ವಸತಿ ಮಾಡಬ್ಯಾಡ್ರಿ" ಅನ್ನೋ ಅರ್ಜಿಗೂ ಭಾಳ ಫರಕ್ ಅದರಿ. ಎರಡನೇದಕ್ಕ ಆಫೀಸಿನವ್ರು ಫೈಲ್ ತಗದು ನೋಡ್ಲೇಬೇಕು. ಬೆಂಗಳೂರಾಗೂ 2022ರ ಮಳಿಗೆ ಲೇಔಟ್ ಮುಳುಗಿದಾಗ ಮಂದಿ ರಾಜಕಾಲುವೆ ಎಲ್ಲದ ಅಂತ ಇದರಾಗೇ ನೋಡಿದ್ರು. ಮನಿ ಕಟ್ಟೋಕಿಂತ ಮೊದ್ಲೇ ನೋಡೋದು ಚಲೋ ಅಲ್ಲೇನ್ರಿ.

ಒಂದು ಸ್ಟಾರ್ ಯಾಕ ಕಡ್ಮಿ ಅಂದ್ರ, ಆಕ್ಷೇಪಣೆ ಬರಿಲಿಕ್ಕೆ ಇದರಾಗ ಜಾಗಿಲ್ಲ. ಸರ್ವೇ ನಂಬರ್ ಒತ್ತಿದ ಕೂಡ್ಲೇ ಅಲ್ಲೇ ಕನ್ನಡದಾಗ ಬರ್ದು ಕಳಸೋ ಹಾಂಗ ಮಾಡಿದ್ರ, ಕೂಲಿ ಬಿಟ್ಟು ಆಫೀಸಿಗೆ ಬರ್ಲಿಕ್ಕಾಗದ ಮಂದೀನೂ ಮಾತಾಡ್ತಾರ. ಅವ್ರ ಮಾತೇ ಬೇಕಾಗಿರೋದು, ನೀರು ನುಗ್ಗೋದು ಅವ್ರ ಮನಿಗೇ.

ಮತ್ತ ಇದ್ರ ಗೆರಿ ನಂಬಿ ಬಾಜೂದವ್ರ ಜೊತಿ ಹದ್ದಿನ ಜಗಳಕ್ಕ ಹೋಗಬ್ಯಾಡ್ರಿ, ಜಿಪಿಎಸ್ ಕೆಲವು ಮೀಟರ್ ಹಿಂದ ಮುಂದ ಆಗ್ತದ, ಹದ್ದಿಗೆ ಸರ್ವೇಯರೇ ಬೇಕು. ಅರ್ಜಿಗೆ ನಂಬರ್ ಕಾಣೋ ಸ್ಕ್ರೀನ್‌ಶಾಟ್ ಪ್ರಿಂಟ್ ಹಚ್ಚಿ ಕೊಡ್ರಿ, ಇನ್ನೊಂದ್ ಕಾಪಿ ಮ್ಯಾಲ ಸ್ವೀಕೃತಿ ಸಿಕ್ಕಾ ಹಾಕಿಸ್ಕೊಂಡೇ ಬರ್ರಿ.