ಘಾಟಿ ಮಳೆಯಲ್ಲಿ ಪೈಲಟ್ ಸ್ಪೋರ್ಟ್ 4: ಮೂರನೇ ಮಳೆಗಾಲದ ಮಾತು

ಮಳೆಯಲ್ಲಿ ಬ್ರೇಕ್ ಒತ್ತಿದರೆ ಕಾರು ನಿಲ್ಲಬೇಕು. ಟೈರ್ ಆರಿಸುವಾಗ ನಾನು ಮೊದಲು ನೋಡಿದ್ದು ಇದನ್ನೇ. ಸುಂಟಿಕೊಪ್ಪದ ಹತ್ತಿರ ನಮ್ಮ ತೋಟ. ಮಡಿಕೇರಿಗೆ ಆಗಾಗ ಹೋಗುತ್ತೇನೆ. ತಿಂಗಳಿಗೆ ಒಂದೆರಡು ಸಲ ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೋಗಿ ಬರಬೇಕು. ಕಾರು ಅಣ್ಣನದು. ವಿದೇಶಕ್ಕೆ ಹೋಗುವಾಗ ನನಗೆ ಬಿಟ್ಟುಹೋದ. ಎರಡೇ ಸೀಟು, ಎಂಜಿನ್ ಶಕ್ತಿಯೆಲ್ಲ ಹಿಂದಿನ ಚಕ್ರಕ್ಕೆ. ಮುಂದೆ 225/40 ಆರ್18, ಹಿಂದೆ 255/35 ಆರ್18 ಟೈರ್ (ಮೊದಲ ಅಂಕಿ ಟೈರ್ ಎಷ್ಟು ಮಿಲಿಮೀಟರ್ ಅಗಲ ಅನ್ನುವುದು). ಈ ಸೈಜ್ ಹುಡುಕುತ್ತಾ ಬಂದವರಿಗೆ ಉಳಿದ ವಿವರ ಗೊತ್ತೇ ಇರುತ್ತದೆ, ಅದನ್ನು ಬಿಡುತ್ತೇನೆ.

ಈಗ ಕಾರಿನಲ್ಲಿರುವುದು ಮಿಷೆಲಿನ್ ಪೈಲಟ್ ಸ್ಪೋರ್ಟ್ 4. ಅದಕ್ಕೆ ಮೊದಲು ರನ್‌ಫ್ಲಾಟ್ ಇತ್ತು. ಗಾಳಿ ಪೂರ್ತಿ ಹೋದರೂ ನಿಧಾನವಾಗಿ ಒಂದಷ್ಟು ದೂರ ಓಡಿಸಬಹುದು ಅನ್ನುವುದು ಅದರ ದೊಡ್ಡ ಗುಣ. ಕಾರಿನಲ್ಲಿ ಸ್ಟೆಪ್ನಿ ಇಲ್ಲದಿರುವುದೂ ಅದೇ ಕಾರಣಕ್ಕೆ. ಆದರೆ ಅದರ ಪಕ್ಕದ ಗೋಡೆ ದಪ್ಪ, ಬಹಳ ಬಿಗಿ. ಮಾದಾಪುರದ ಕಡೆ ಹೋದರೆ ರಸ್ತೆಯ ಪ್ರತಿ ಗುಂಡಿಯೂ ಬೆನ್ನಿಗೆ ಗೊತ್ತಾಗುತ್ತಿತ್ತು. ಹಳೆಯದಾಗಿ ರಬ್ಬರ್ ಕೂಡ ಗಟ್ಟಿಯಾಗಿತ್ತು. ಸಣ್ಣ ತುಂತುರಿಗೇ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಟ್ಟಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ) ಗಡಗಡ ಅನ್ನುತ್ತಿತ್ತು.

ಹೊಸದು ಹುಡುಕುವಾಗ ಅಂಗಡಿಯವರು ಮೊದಲು ತೋರಿಸಿದ್ದು ಮನೆ ಮಂದಿಯ ಸೆಡಾನ್‌ಗಳಿಗೆ ಹಾಕುವ ಟೂರಿಂಗ್ ಟೈರ್. ಸದ್ದು ಕಡಿಮೆ, ಬಾಳಿಕೆ ಜಾಸ್ತಿ. ಆದರೆ ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದ ಮೇಲೆ ಕಾರು ಒಂದು ಕ್ಷಣ ಯೋಚಿಸಿ ತಿರುಗಿದ ಹಾಗೆ ಅನಿಸುತ್ತದೆ. ಈ ಕಾರಿಗೆ ಅದು ಹೊಂದುವುದಿಲ್ಲ. ವಿರಾಜಪೇಟೆಯಲ್ಲಿರುವ ಮಾವನ ಮಗ ಇನ್ನೊಂದು ತುದಿಗೆ ಹೋಗಿದ್ದಾನೆ. ಅವನದು ಟ್ರ್ಯಾಕ್‌ನಲ್ಲಿ ಓಡಿಸುವವರು ಹಾಕುವ, ಟ್ರೆಡ್‌ವೇರ್ (ಬಾಳಿಕೆಯ ಅಂದಾಜು ಸಂಖ್ಯೆ) 200ರ ಟೈರ್. ಬಿಸಿಲಲ್ಲಿ ಅದರ ಹಿಡಿತ ನೋಡಿದರೆ ಖುಷಿಯಾಗುತ್ತದೆ. ಮಳೆಯಲ್ಲಿ ಅದೇ ಕಾರಿನಲ್ಲಿ ಪೆರುಂಬಾಡಿಯಿಂದ ಮಾಕುಟ್ಟ ಇಳಿಯುವಾಗ ನಾನು ಸೀಟ್ ಹಿಡಿದು ಕೂತಿದ್ದೆ. ಆ ಬಗೆಯ ರಬ್ಬರ್ ಬಿಸಿಯಾದ ಮೇಲೆಯೇ ಸರಿಯಾಗಿ ಕೆಲಸ ಮಾಡುವುದು. ನೀರು ಹೊರಗೆ ಹೋಗಲು ಅದರಲ್ಲಿ ಗ್ರೂವ್ ಕೂಡ ಕಡಿಮೆ.

ಟೈರ್ ಪಕ್ಕದಲ್ಲಿ ಬರೆದಿರುವ ಆ ಟ್ರೆಡ್‌ವೇರ್ ಸಂಖ್ಯೆ ನೋಡಿ ಮರುಳಾಗಬೇಡಿ. 100 ಅನ್ನುವುದು ಹೋಲಿಕೆಗೆ ಇಟ್ಟುಕೊಂಡ ಟೈರ್. 200 ಅಂದರೆ ಪರೀಕ್ಷೆಯಲ್ಲಿ ಅದರ ಎರಡರಷ್ಟು ಬಾಳಿಕೆ. ಈ ಸಂಖ್ಯೆಯನ್ನು ಆಯಾ ಕಂಪನಿಯೇ ಹಾಕುತ್ತದೆ, ಹಾಗಾಗಿ ಒಂದು ಕಂಪನಿಯ 300ನ್ನು ಇನ್ನೊಂದು ಕಂಪನಿಯ 300ರ ಜೊತೆ ತೂಗುವುದು ಸರಿಯಲ್ಲ. ಅದರ ಪಕ್ಕದಲ್ಲೇ ಟ್ರಾಕ್ಷನ್ ದರ್ಜೆ ಇರುತ್ತದೆ: ಎಎ, ಎ, ಬಿ, ಸಿ. ಒದ್ದೆ ನೆಲದಲ್ಲಿ ನೇರ ಹೋಗುತ್ತಾ ಬ್ರೇಕ್ ಹಾಕಿದಾಗಿನ ಹಿಡಿತಕ್ಕೆ ಕೊಡುವ ದರ್ಜೆ ಅದು. ತಿರುವಿನ ಹಿಡಿತ ಅದರಲ್ಲಿ ಸೇರಿಲ್ಲ. ನಮ್ಮ ಊರಲ್ಲಿ ನೇರ ರಸ್ತೆ ಎಲ್ಲಿದೆ ಹೇಳಿ?

ಪೈಲಟ್ ಸ್ಪೋರ್ಟ್ 4 ಸಮ್ಮರ್ ಟೈರ್, ಅಂದರೆ ಬೆಚ್ಚಗಿನ ಹವೆಗೆ ಮಾಡಿದ್ದು, ಅದು ಮಳೆಗೆ ಆಗಿಬರುವುದಿಲ್ಲ ಅಂತ ಇಬ್ಬರು ಮೂವರು ನನಗೆ ಬುದ್ಧಿ ಹೇಳಿದರು. ಅದು ತಪ್ಪು. ಆ ರಬ್ಬರ್ ಸೋಲುವುದು ಚಳಿಗೆ. ಸುಮಾರು 7 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗಿ ಹಿಡಿತ ಬಿಡುತ್ತದೆ. ಮಡಿಕೇರಿಯಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಜಾವದಲ್ಲೂ ಸಾಮಾನ್ಯವಾಗಿ 10 ಡಿಗ್ರಿಗಿಂತ ಕೆಳಗೆ ಹೋಗುವುದಿಲ್ಲ. ವರ್ಷವಿಡೀ ಈ ಟೈರ್‌ಗೆ ನಮ್ಮ ಹವೆ ಒಪ್ಪುತ್ತದೆ. ರಬ್ಬರಿಗೆ ಸೇರಿಸುವ ಸಿಲಿಕಾ ಒದ್ದೆ ರಸ್ತೆಯಲ್ಲಿ ಹಿಡಿತ ಕೊಡುತ್ತದೆ. ಅಗಲದ ಉದ್ದ ಗ್ರೂವ್‌ಗಳು ನೀರನ್ನು ಹೊರಗೆ ತಳ್ಳುತ್ತವೆ. ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುವ ಮಡಿಕೇರಿಯಂಥ ಕಡೆ ಬೇಕಾಗಿರುವುದು ಇದೇ ಅಲ್ವಾ?

ಮೊದಲ ಕಕ್ಕಡ ತಿಂಗಳಲ್ಲಿ (ಜುಲೈ, ಆಗಸ್ಟ್‌ನ ಜೋರು ಮಳೆಯ ಕಾಲ) ಮದೆನಾಡು ದಾಟಿ ಜೋಡುಪಾಲದ ಕಡೆ ಇಳಿಯುವಾಗ ಈ ಟೈರ್ ನನ್ನ ಮನಸ್ಸು ಗೆದ್ದಿತು. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದ ಜಾಗ ಅದು. ಅಲ್ಲಿ ಈಗಲೂ ಯಾರೂ ಆರಾಮಾಗಿ ಓಡಿಸುವುದಿಲ್ಲ. ಮಂಜು ಬೇರೆ, ವೈಪರ್ ಪೂರ್ತಿ ವೇಗದಲ್ಲಿತ್ತು. ರಸ್ತೆ ಬದಿಯ ಚರಂಡಿ ತುಂಬಿ ಕೆಂಪು ನೀರು ಅಡ್ಡ ಹರಿಯುತ್ತಿತ್ತು. ತಿರುವಿನ ಆ ಕಡೆ ಒಂದು ಲಾರಿ ನಿಂತಿದ್ದು ಹತ್ತಿರ ಹೋದ ಮೇಲೆಯೇ ಕಂಡಿತು. ಬ್ರೇಕ್ ಒತ್ತಿದೆ. ಎಬಿಎಸ್ ಸದ್ದೂ ಇಲ್ಲ, ಹಿಂಭಾಗ ಅಲುಗಲೂ ಇಲ್ಲ. ಕಾರು ಸುಮ್ನೆ ನಿಂತಿತು. ಲಾರಿಗೂ ನನಗೂ ನಡುವೆ ಇನ್ನೂ ಬೇಕಾದಷ್ಟು ಜಾಗ ಇತ್ತು. ಇಷ್ಟು ದುಡ್ಡು ಕೊಟ್ಟಿದ್ದಕ್ಕೆ ಬೆಲೆ ಬಂತು ಅಂತ ಅವತ್ತೇ ಅನಿಸಿತು.

ಆಮೇಲೆ ನನಗೆ ಮಳೆಯಲ್ಲಿ ಓಡಿಸುವುದೇ ಇಷ್ಟವಾಗತೊಡಗಿತು. ರಸ್ತೆ ಎಷ್ಟು ಒದ್ದೆ ಇದೆ, ಹಿಡಿತ ಎಷ್ಟು ಉಳಿದಿದೆ ಅನ್ನುವುದು ಸ್ಟೀರಿಂಗ್‌ನಲ್ಲಿ ಕೈಗೆ ಗೊತ್ತಾಗುತ್ತದೆ. ಸಿಲ್ವರ್ ಓಕ್ ಎಲೆ ಕೊಳೆತು ಬಿದ್ದಿರುವ ಕಡೆ ಸ್ಟೀರಿಂಗ್ ಸ್ವಲ್ಪ ಹಗುರಾಗುತ್ತದೆ. ಎಲೆ ದಾಟಿದ ಕೂಡಲೇ ಮತ್ತೆ ತೂಕ ಬರುತ್ತದೆ. ಆದರೆ ತೋಟದ ಟ್ರ್ಯಾಕ್ಟರ್ ಬಿಟ್ಟುಹೋದ ಕೆಸರಿನ ಮೇಲೆ, ಪಾಚಿ ಕಟ್ಟಿದ ಒಳ ರಸ್ತೆಯ ಅಂಚಿನಲ್ಲಿ ಈ ಟೈರ್ ಅಂತಲ್ಲ, ರಸ್ತೆಗೆ ಮಾಡಿದ ಯಾವ ಟೈರೂ ಏನೂ ಮಾಡಲಾರದು. ಅಲ್ಲಿ ನಿಧಾನವಾಗಿಯೇ ಹೋಗಬೇಕು.

ಬೆಳಗ್ಗೆ ಕಾಫಿ ಕುದಿಯಲು ಇಟ್ಟು ಹೊರಗೆ ಬಂದು ಗಾಳಿ ನೋಡುವುದು ನನಗೆ ರೂಢಿಯಾಗಿದೆ. ಕಾರು ಇನ್ನೂ ಕದಲಿರಬಾರದು, ಟೈರ್ ತಣ್ಣಗಿರಬೇಕು. ಬಂಕ್‌ನ ಮೀಟರ್ ನಾನು ನಂಬುವುದಿಲ್ಲ. ನನ್ನದೇ ಒಂದು ಚಿಕ್ಕ ಗೇಜ್ ಇದೆ. ನಾಲ್ಕೂ ವಾಲ್ವ್ ಮುಚ್ಚಳ ಬಿಚ್ಚಿ ಜೇಬಿಗೆ ಹಾಕಿಕೊಂಡು ಒಂದು ಸುತ್ತು ಬರುತ್ತೇನೆ. ಗೇಜ್ ಒತ್ತಿದಾಗ ಒಂದು ಸಣ್ಣ ಪುಸ್ ಸದ್ದು, ಅಷ್ಟೇ. ಆಮೇಲೆ ಬಿದಿರ ಕಡ್ಡಿಯಲ್ಲಿ ಗ್ರೂವ್ ಒಳಗೆ ಸಿಕ್ಕಿದ ಕಲ್ಲು ಒಂದೊಂದೇ ಕೀಳುತ್ತೇನೆ. ಕಾಫಿ ಕಣದ ಪಕ್ಕದ ದಾರಿಯ ಜಲ್ಲಿ ಚೂರು ತುಂಬಾ ಸಿಕ್ಕಿರುತ್ತದೆ. ಹಿಂದಿನ ಚಕ್ರದಲ್ಲೇ ಜಾಸ್ತಿ. ಅದನ್ನು ಹಾಗೇ ಬಿಟ್ಟರೆ ಒಳಗೆ ಕೊರೆಯುತ್ತದೆ. ನೀರು ಹೋಗುವ ದಾರಿಯೂ ಕಟ್ಟಿಕೊಳ್ಳುತ್ತದೆ. ಇಷ್ಟೆಲ್ಲ ಮುಗಿಯುವಾಗ ಅಮ್ಮ ಒಳಗಿಂದ "ಕಾಫಿ ಆರುತ್ತೆ ಮಗಾ" ಅಂತ ಕೂಗುತ್ತಾರೆ.

ಗಾಳಿಯ ಬಗ್ಗೆ ಇನ್ನೊಂದು ವಿಷಯ. ಮಂಗಳೂರು ಸಮುದ್ರ ಮಟ್ಟದಲ್ಲಿದೆ, ಮಡಿಕೇರಿ ಸುಮಾರು 1,170 ಮೀಟರ್ ಎತ್ತರದಲ್ಲಿ. ಮೇಲೆ ಹತ್ತಿದ ಹಾಗೆ ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಮಂಗಳೂರಿನಲ್ಲಿ ತುಂಬಿಸಿದ ಟೈರನ್ನು ಮಡಿಕೇರಿಯಲ್ಲಿ ನೋಡಿದರೆ ಗೇಜ್ ಹತ್ತಿರ ಹತ್ತಿರ 2 ಪಿಎಸ್‌ಐ ಜಾಸ್ತಿ ತೋರಿಸಬೇಕು. ಆದರೆ ಅಲ್ಲಿನ ಸೆಕೆಯಿಂದ ಇಲ್ಲಿನ ತಂಪಿಗೆ 12 ಡಿಗ್ರಿ ಇಳಿದರೆ ಸುಮಾರು ಅಷ್ಟೇ ಒತ್ತಡ ಟೈರ್ ಒಳಗೂ ಇಳಿಯುತ್ತದೆ. ಒಂದಕ್ಕೊಂದು ಸರಿಹೋಗುತ್ತದೆ. ಹಾಗಾಗಿ ಮಂಗಳೂರಿಗೆ ಹೋಗಿಬಂದ ಕೂಡಲೇ ಗಾಳಿ ಬಿಡಲು ಹೋಗಬೇಡಿ. ಮರುದಿನ ಬೆಳಗ್ಗೆ ತಣ್ಣಗಿದ್ದಾಗ ನೋಡಿ.

ಇಲ್ಲಿಯವರೆಗೆ ಹೊಗಳಿದ್ದೇ ಆಯಿತು. ಈಗ ಬೇಜಾರಿನ ಮಾತು.

ಎರಡನೇ ಮಳೆಗಾಲದ ಕೊನೆಗೆ, ತುಲಾ ಸಂಕ್ರಮಣದ ಆಸುಪಾಸಿನ ಮಳೆಯಲ್ಲಿ, ನೀರು ನಿಂತ ಕಡೆ ಕಾರಿನ ಹಿಂಭಾಗ ತೇಲಿದ ಹಾಗೆ ಆಗತೊಡಗಿತು. ಅಳೆದು ನೋಡಿದೆ. ಹೊಸದರಲ್ಲಿ ಟ್ರೆಡ್, ಅಂದರೆ ಗ್ರೂವ್‌ನ ಆಳ, 7 ಮಿಲಿಮೀಟರ್‌ಗಿಂತ ಜಾಸ್ತಿ ಇತ್ತು. ಈಗ ಮುಂದೆ ಸುಮಾರು 5, ಹಿಂದೆ 3. ಓಡಿದ್ದು ಹದಿನೈದು ಸಾವಿರ ಕಿಲೋಮೀಟರ್ ಆಸುಪಾಸು. ಗ್ರೂವ್ ಒಳಗಿನ ಸವೆತದ ಗುರುತು ಇರುವುದು 1.6 ಮಿಲಿಮೀಟರ್‌ಗೆ. ಆ ಲೆಕ್ಕದಲ್ಲಿ ಟೈರ್ ಇನ್ನೂ ಬದುಕಿದೆ. ನಮ್ಮ ಘಾಟಿಯ ಲೆಕ್ಕದಲ್ಲಿ ಅದರ ಕೆಲಸ ಮುಗಿದಿದೆ. ಇದು ಈ ಟೈರ್‌ನ ದೋಷ ಅಲ್ಲ. ಯಾವ ಟೈರ್ ಆದರೂ 3 ಮಿಲಿಮೀಟರ್‌ಗೆ ಬಂದ ಮೇಲೆ ನೀರು ಹೊರಹಾಕುವ ಶಕ್ತಿ ಬೇಗ ಬೇಗ ಕುಸಿಯುತ್ತದೆ.

ತೊಂದರೆ ಇರುವುದು ನಮ್ಮ ಕಾರುಗಳ ಹೊಂದಾಣಿಕೆಯಲ್ಲಿ. ಏರು ಹತ್ತುವಾಗ ನೂಕುವುದೆಲ್ಲ ಹಿಂದಿನ ಚಕ್ರ, ಅದೇ ಮೊದಲು ಸವೆಯುತ್ತದೆ. ಮುಂದೆ 225, ಹಿಂದೆ 255 ಇರುವುದರಿಂದ ಹಿಂದೆ ಮುಂದೆ ಅದಲು ಬದಲು ಮಾಡಲೂ ಆಗುವುದಿಲ್ಲ. ಅಗಲದ ಟೈರ್ ನೀರಿನ ಮೇಲೆ ಬೇಗ ತೇಲುತ್ತದೆ ಕೂಡ. ಅಂದರೆ ಮಳೆಯಲ್ಲಿ ಒಳ್ಳೆಯ ಟ್ರೆಡ್ ಎಲ್ಲಿ ಬೇಕೋ ಅಲ್ಲೇ ಕೆಟ್ಟ ಟ್ರೆಡ್ ಇರುತ್ತದೆ. ಮುಂಭಾಗ ಜಾರಿದರೆ ಕಾಲು ಸಡಿಲಿಸಿ ಸರಿಮಾಡಬಹುದು. ಘಾಟಿಯ ತಿರುವಿನಲ್ಲಿ ಹಿಂಭಾಗ ಜಾರಿದರೆ ಸರಿಮಾಡಲು ರಸ್ತೆಯೇ ಸಾಲದು. ಹೊಸ ಟೈರ್ ಹಾಕಿದ ವಾರದಲ್ಲೇ ವಿಮರ್ಶೆ ಬರೆಯುವವರು ಇದನ್ನು ಹೇಳುವುದಿಲ್ಲ. ಕೊಡಗಿನವರು ಕೇಳಬೇಕಾದ ಪ್ರಶ್ನೆ ಇದು: ಅರ್ಧ ಸವೆದ ಮೇಲೆ ಮಳೆಯಲ್ಲಿ ಈ ಟೈರ್ ಹೇಗಿದೆ?

ಹಿಂದಿನ ಎರಡನ್ನು ಬದಲಾಯಿಸಲು ಹೋದರೆ ಟೈರ್ ಬಿಚ್ಚುವ ಹುಡುಗ "ಅಕ್ಕಾ, ಇನ್ನೂ ಅರ್ಧ ಇದೆಯಲ್ಲಾ, ಯಾಕೆ ದುಡ್ಡು ದಂಡ ಮಾಡ್ತೀರಿ?" ಅಂದ. ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಕುಶಾಲನಗರದಿಂದ ಮೈಸೂರಿನ ಕಡೆಗೆ ಮಾತ್ರ ಓಡಿಸುವವರಾದರೆ ಅವನ ಮಾತು ಸರಿ, ಇನ್ನೂ ಒಂದು ಬೇಸಿಗೆ ದೂಡಬಹುದು. ಸಂಪಾಜೆ ಇಳಿಯುವವರಿಗೆ ಆಗುವುದಿಲ್ಲ.

ಟೈರ್ ಸಿಗುವುದೂ ಸುಲಭ ಇರಲಿಲ್ಲ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರ್‌ಗಳ ಆಮದಿಗೆ ನಿರ್ಬಂಧ ಹಾಕಿತು. ಆಮದಿಗೆ ಪರವಾನಗಿ ಬೇಕಾಯಿತು. ಇಲ್ಲಿ ತಯಾರಾಗದ ದೊಡ್ಡ ಸೈಜ್‌ಗಳಿಗೆ ಇದರ ಬಿಸಿ ತಟ್ಟಿತು. 225/40 ಬೇಗ ಸಿಗುತ್ತದೆ. 255/35ಕ್ಕೆ ನಾನು ವಾರಗಟ್ಟಲೆ ಫೋನ್ ಮಾಡಿದೆ. ಒಂದು ಅಂಗಡಿಯವರು "ಫ್ರೆಶ್ ಸ್ಟಾಕ್" ಅಂತ ತರಿಸಿಟ್ಟರು. ಟೈರ್ ಪಕ್ಕದಲ್ಲಿ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿದೆ. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಆ ಟೈರ್‌ಗೆ ನಾಲ್ಕು ವರ್ಷ ಆಗಿತ್ತು. ಬೆಲೆಯಲ್ಲಿ ಒಂದು ರೂಪಾಯಿ ಕಡಿಮೆ ಇಲ್ಲ. ಕೇಳಿದರೆ "ಬಳಸದ ಟೈರ್ ಹಾಳಾಗುವುದಿಲ್ಲ ಮೇಡಂ" ಅಂದರು. ಬೇಡ ಅಂತ ಬಂದುಬಿಟ್ಟೆ. ಮಳೆಗೋಸ್ಕರ ಟೈರ್ ಕೊಳ್ಳುವವರು ಗಟ್ಟಿಯಾಗುತ್ತಾ ಬಂದ ರಬ್ಬರಿಗೆ ಪೂರ್ತಿ ಬೆಲೆ ಯಾಕೆ ಕೊಡಬೇಕು? ಈ ಬಗ್ಗೆ ನನಗೆ ಈಗಲೂ ಸಿಟ್ಟಿದೆ.

ಇನ್ನೊಬ್ಬರು ಹಿಂದಕ್ಕೆ ಪೈಲಟ್ ಸ್ಪೋರ್ಟ್ 5 ಹಾಕಿ ಅಂದರು. 4ರ ನಂತರದ ಮಾದರಿ ಅದು, 2022ರಲ್ಲಿ ಬಂದದ್ದು. ನಾಲ್ಕಕ್ಕೂ ಅದನ್ನೇ ಹಾಕುವುದಾದರೆ ನಾನು ಒಪ್ಪುತ್ತಿದ್ದೆ. ಮುಂದೆ ಒಂದು ಬಗೆಯ ಹಿಡಿತ, ಹಿಂದೆ ಇನ್ನೊಂದು ಬಗೆ, ಅದೂ ಒದ್ದೆ ತಿರುವಿನಲ್ಲಿ, ನನಗೆ ಬೇಡ. ಕೊನೆಗೆ ಬೆಂಗಳೂರಿನಿಂದ ಆರು ತಿಂಗಳೊಳಗಿನ ಜೋಡಿ ಸಿಕ್ಕಿತು. ಮೊದಲ ಸಲ ನಾಲ್ಕಕ್ಕೆ ಲಕ್ಷದ ಹತ್ತಿರ ಆಗಿತ್ತು, ಈಗ ಎರಡಕ್ಕೇ ಅದರ ಅರ್ಧಕ್ಕಿಂತ ಜಾಸ್ತಿ. ಆ ವರ್ಷ ಕಾಫಿಗೆ ಒಳ್ಳೆಯ ರೇಟ್ ಇದ್ದದ್ದರಿಂದ ಕೊಟ್ಟೆ. ಇಲ್ಲದಿದ್ದರೆ ಮಳೆಗಾಲ ಪೂರ್ತಿ ಕಾರನ್ನು ಶೆಡ್‌ನಲ್ಲಿ ನಿಲ್ಲಿಸಿ ಜೀಪಿನಲ್ಲೇ ಓಡಾಡುತ್ತಿದ್ದೆ.

ಹೊಸ ಜೋಡಿ ಹಾಕಿ ಮೊದಲ ನಾಲ್ಕೈದು ದಿನ ಮೆಲ್ಲಗೆ ಓಡಿಸಿದೆ. ಹೊಸ ಟೈರ್ ಮೇಲಿನ ನುಣುಪು ಹೋಗಬೇಕು. ಆಮೇಲೆ ಹಿಂಭಾಗ ಮತ್ತೆ ಮೊದಲಿನ ಹಾಗೆ ನೆಲ ಹಿಡಿಯಿತು. ಈ ವರ್ಷದ ಕಕ್ಕಡದಲ್ಲಿ ಸಂಪಾಜೆ ಇಳಿಯುವಾಗ ನೀರು ನಿಂತ ಕಡೆಯೂ ತೇಲುವುದು ಪೂರ್ತಿ ನಿಂತಿದೆ.

ಒಣ ರಸ್ತೆಯಲ್ಲಿ ಇದಕ್ಕಿಂತ ಗಟ್ಟಿ ಹಿಡಿತದ ಟೈರ್ ಬೇಕು ಅನ್ನುವವರು ಬೇರೆ ನೋಡಲಿ. ವರ್ಷದಲ್ಲಿ ನಾಲ್ಕು ತಿಂಗಳು ಒದ್ದೆ ರಸ್ತೆಯಲ್ಲೇ ಓಡಿಸುವ ನಮ್ಮಂಥವರಿಗೆ ಪೈಲಟ್ ಸ್ಪೋರ್ಟ್ 4 ಧೈರ್ಯವಾಗಿ ಹೇಳಬಲ್ಲೆ. ಆದರೆ ನಾಲ್ಕು ಟೈರ್‌ನ ಬಜೆಟ್ ಇಟ್ಟುಕೊಂಡು ಹೋಗಬೇಡಿ, ಆರು ಟೈರ್‌ನದು ಇಟ್ಟುಕೊಳ್ಳಿ. ಮುಂದಿನ ಚಕ್ರದ ಜೋಡಿ ಒಮ್ಮೆ ಬದಲಾಗುವಷ್ಟರಲ್ಲಿ ಹಿಂದಿನ ಚಕ್ರದ್ದು ಎರಡು ಸಲ ಬದಲಾಗುತ್ತದೆ. ಏಪ್ರಿಲ್‌ನಲ್ಲಿ, ಕಾಫಿ ಹೂ ಅರಳಿಸುವ ಹೂ ಮಳೆ ಬಿದ್ದು ಹೋದ ಮೇಲೆ ಟ್ರೆಡ್ ಅಳೆಯಿರಿ. ಹಿಂದೆ 4 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಆಗಲೇ ಫೋನ್ ಮಾಡಲು ಶುರುಮಾಡಿ. 255/35 ಸಿಗುವಷ್ಟರಲ್ಲಿ ಜೂನ್ ಬಂದಿರುತ್ತದೆ.